ಮುಖ ಕಾಣದ ದನಿ, ಮುಖ ತೋರಿಸದ ಪ್ರಶ್ನೆ

ಭತ್ತದ ಕಟಾವು ಮುಗಿಯುವ ಹೊತ್ತಿಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳದ್ದೇ ದರ್ಬಾರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಊರುಗಳಿಂದ ಚೀಲ ಹೇರಿಕೊಂಡು ರೈಸ್‌ಮಿಲ್ಲಿನ ಕಡೆ ಹೊರಟ ಗಾಡಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ಡ್ರೈವರ್ ಬೆನ್ನ ಹಿಂದೆ ಕಟ್ಟಿದ ಸ್ಪೀಕರ್‌ಗಳಲ್ಲಿ, ‘ಉತ್ತರ ಕರ್ನಾಟಕ ಜಾನಪದ’ ಎಂಬ ಹೆಸರು ಹೊತ್ತು ಯೂಟ್ಯೂಬಿಗೆ ಬಂದ ಹಾಡು. ಕೈಕೊಟ್ಟ ಹುಡುಗಿ, ಕಾದು ಕುಂತ ಹುಡುಗ, ಮಾವನ ಮಗಳು, ಜಾತ್ರೆಯಲ್ಲಿ ಸಿಕ್ಕವಳು. ನಡುನಡುವೆ ಎರಡರ್ಥದ ಸಾಲು. ಇದೇ ತಾಲ್ಲೂಕಿನ ತುರ್ವಿಹಾಳದ ಎಂಟನೇ ತರಗತಿಯ ಹುಡುಗನಿಗೆ ಪಾಠದ ಪದ್ಯ ಬಾಯಿಗೆ ಬರದಿರಬಹುದು, ಈ ಹಾಡು ಮಾತ್ರ ಪಲ್ಲವಿಯಿಂದ ಕೊನೆಯ ಚರಣದವರೆಗೆ ಬರುತ್ತದೆ.

ಹಾಡಿಗೆ ನನ್ನ ತಕರಾರಿಲ್ಲ. ಹರೆಯ ಬಂದಾಗ ಹಾಡು ಬರುವುದು ಈ ನೆಲದ ಹಳೆಯ ಪದ್ಧತಿ. ಆದರೆ ಬೆಳಿಗ್ಗೆ ಪಟ್ಟಣ ಪಂಚಾಯಿತಿಯ ಕಸದ ಗಾಡಿ ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಹಾಡುತ್ತದೆ, ಪೋಲಿಯೊ ಭಾನುವಾರದ ಹಿಂದಿನ ದಿನ ಆಟೊ ಮೈಕ್ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತದೆ, ಚುನಾವಣೆ ಬಂದರಂತೂ ಕಿವಿ ಮುಚ್ಚಿಕೊಂಡೇ ಓಡಾಡಬೇಕು. ಇಷ್ಟೊಂದನ್ನು ಕಿವಿಯ ಮೂಲಕವೇ ತಿಳಿದುಕೊಳ್ಳುವ ಊರಿನಲ್ಲಿ, ಹದಿನಾಲ್ಕರ ಹುಡುಗ ಹುಡುಗಿಗೆ ಅವರ ಮೈಯಲ್ಲಿ ಏನಾಗುತ್ತಿದೆ ಎಂದು ಹೇಳುವ ಒಂದು ನೆಟ್ಟಗಿನ ದನಿ ಇಲ್ಲ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಮಗಳು ದೊಡ್ಡವಳಾದಳು ಅನ್ನುವುದನ್ನು ನಮ್ಮ ಕಡೆ ಯಾರೂ ಗುಟ್ಟಾಗಿ ಇಡುವುದಿಲ್ಲ. ಸೋದರಮಾವನ ಮನೆಗೆ ಸುದ್ದಿ ಹೋಗುತ್ತದೆ. ಓಣಿಯ ಮುತ್ತೈದೆಯರು ಬರುತ್ತಾರೆ. ಹುಡುಗಿಯನ್ನು ಕೂರಿಸಿ, ಹೊಸ ಸೀರೆ ಉಡಿಸಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಉಡಿ ತುಂಬಿ ಆರತಿ ಎತ್ತುತ್ತಾರೆ. ಸೋಬಾನೆ ಹಾಡುತ್ತಾರೆ. ಈಗೀಗ ಕಟೌಟು, ಡಿಜೆ, ಊಟದ ಪೆಂಡಾಲೂ ಸೇರಿಕೊಂಡಿವೆ. ಇಡೀ ಓಣಿಗೆ ಗೊತ್ತಾದ ಆ ಸಂಗತಿಯ ಬಗ್ಗೆ ನಡುವೆ ಕೂತ ಹುಡುಗಿಗೆ ಗೊತ್ತಾಗುವುದೇನು? ದೇವರ ಕೋಣೆಗೆ ಹೋಗಬ್ಯಾಡ, ಉಪ್ಪಿನಕಾಯಿ ಭರಣಿ ಮುಟ್ಟಬ್ಯಾಡ, ಗಂಡುಡುಗರ ಕೂಡ ನಿಂತು ಮಾತಾಡಬ್ಯಾಡ. ‘ಯಾಕ’ ಅಂದರೆ ‘ಹಂಗ’ ಅನ್ನುವ ಉತ್ತರ. ರಕ್ತ ಎಲ್ಲಿಂದ ಬರುತ್ತದೆ, ಮೊದಲ ಒಂದೆರಡು ವರ್ಷ ತಿಂಗಳು ಹಿಂದೆಮುಂದಾದರೆ ಗಾಬರಿ ಯಾಕೆ ಬೇಡ, ಬಿಳಿ ಹೋಗುವುದು ಯಾವಾಗ ಸಹಜ, ತುರಿಕೆ ಅಥವಾ ವಾಸನೆ ಬಂದರೆ ಯಾವಾಗ ಆಸ್ಪತ್ರೆಗೆ ಹೋಗಬೇಕು ಅನ್ನುವ ನಾಲ್ಕು ಮಾತಿಗೆ ಅಷ್ಟು ಜನ ಸೇರಿದ ಮನೆಯಲ್ಲಿ ಹೊತ್ತು ಸಿಗುವುದಿಲ್ಲ.

ಹುಡುಗರಿಗೆ ಈ ಆರತಿಯೂ ಇಲ್ಲ. ಅವರ ಪಾಠ ಬಸ್ ನಿಲ್ದಾಣದ ಹಿಂದಿನ ಗೋಡೆಯಲ್ಲಿದೆ. ‘ಗುಪ್ತರೋಗ, ಸ್ವಪ್ನಸ್ಖಲನ, ನರದೌರ್ಬಲ್ಯ: ಶೀಘ್ರ ಪರಿಹಾರ’ ಎಂಬ ಬರಹ, ಕೆಳಗೆ ಒಂದು ಲಾಡ್ಜಿನ ಹೆಸರು, ವೈದ್ಯರು ಬರುವ ತಾರೀಖು. ನಿದ್ದೆಯಲ್ಲಿ ವೀರ್ಯ ಹೋಗುವುದು ಹರೆಯದ ಹುಡುಗರಿಗೆ ಸಹಜವಾಗಿ ಆಗುವಂಥದ್ದು, ಅದರಿಂದ ಯಾವ ಶಕ್ತಿಯೂ ಸೋರಿಹೋಗುವುದಿಲ್ಲ. ಆದರೆ ಈ ಹೆದರಿಕೆ ಎಷ್ಟು ಆಳವಾಗಿದೆಯೆಂದರೆ, ಅದನ್ನೇ ಹಿಡಿದುಕೊಂಡು ಸೊರಗುವ ಗಂಡಸರ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮನೋವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಆ ಹೆಸರು ಇಂದಿಗೂ ಇದೆ. ಗೋಡೆಯ ಮೇಲಿನ ಬರಹವೂ ಇದೆ. ಹುಡುಗ ಓದುವುದು ಎರಡನೆಯದನ್ನು. ಈಗ ಅವನ ಕೈಗೆ ಅಗ್ಗದ ಡೇಟಾ ಇರುವ ಮೊಬೈಲ್ ಬಂದಿದೆ. ಅದರಲ್ಲಿ ಅವನು ನೋಡುವ ವಿಡಿಯೊಗಳು ಹೆಣ್ಣಿನ ಬಗ್ಗೆ, ಒಪ್ಪಿಗೆಯ ಬಗ್ಗೆ ಏನು ಕಲಿಸುತ್ತವೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಶಾಲೆಯಲ್ಲಿ ಪಾಠ ಇಲ್ಲವೇ ಅಂದರೆ, ಇದೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಹತ್ತನೆಯದರಲ್ಲಿ ಸಂತಾನೋತ್ಪತ್ತಿಯ ಅಧ್ಯಾಯದಲ್ಲಿ ಅಂಗಗಳ ಚಿತ್ರ, ಗರ್ಭನಿರೋಧಕಗಳು, ಎಚ್‌ಐವಿ ಎಲ್ಲವೂ ಇವೆ. ಪುಟಗಳು ಬಂದಾಗ ಏನಾಗುತ್ತದೆ ಅನ್ನುವುದು ಸರಕಾರಿ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಹೂವಿನ ಪರಾಗಸ್ಪರ್ಶವನ್ನು ಎರಡು ಪೀರಿಯಡ್ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಮೇಷ್ಟ್ರು ಮುಂದಿನ ಭಾಗಕ್ಕೆ ಬಂದಾಗ ‘ಇದನ್ನ ಮನ್ಯಾಗ ಓದಿಕೊಳ್ರಿ, ಚಿತ್ರ ಬರಕೊಂಡು ಬರ‍್ರಿ, ಪರೀಕ್ಷೆಗೆ ಬರತೈತಿ’ ಅನ್ನುತ್ತಾರೆ. ಚಿತ್ರ ಬರೆಯಲು ಹೇಳುವುದು, ಮಾತಾಡಲು ಹೇಳದಿರುವುದು. ಅವರನ್ನು ದೂರಿ ಪ್ರಯೋಜನವಿಲ್ಲ. ಅದೇ ಊರಲ್ಲಿ ಮನೆ ಮಾಡಿಕೊಂಡಿರುವ ಮೇಷ್ಟ್ರಿಗೆ ಸಂಜೆ ಚಹಾದಂಗಡಿಯಲ್ಲಿ ಹುಡುಗರ ಅಪ್ಪಂದಿರೇ ಎದುರಾಗುತ್ತಾರೆ.

ಮೇಲಿನವರ ಧೈರ್ಯವೂ ಅಷ್ಟಕ್ಕಷ್ಟೆ. ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮ ಶಾಲೆಗಳಿಗೆ ಬರಲಿದೆ ಎಂದಾಗ, 2007ರಲ್ಲಿ ಅದನ್ನು ಬೇಡವೆಂದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿತು. ಎರಡು ವರ್ಷದ ಬಳಿಕ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಸಲ್ಲದು ಎಂದಿತು. ಹೇಳಿಕೊಟ್ಟರೆ ಕೆಡುತ್ತಾರೆ ಎಂಬುದು ಆಗಲೂ ಈಗಲೂ ಇರುವ ವಾದ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಯುನೆಸ್ಕೊದ 2018ರ ಮಾರ್ಗದರ್ಶಿ, ಹೇಳಿಕೊಟ್ಟ ಕಾರಣಕ್ಕೆ ಮಕ್ಕಳು ಬೇಗ ಆ ದಾರಿ ಹಿಡಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. 2022ರ ನವೆಂಬರಿನಲ್ಲಿ ಧಾರವಾಡದ ಹೈಕೋರ್ಟ್ ಪೀಠ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕರಣವೊಂದರಲ್ಲಿ, ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋದ ಪ್ರಕರಣಗಳು ಸಾಲುಸಾಲಾಗಿ ಬರುತ್ತಿವೆ ಎಂದು ಗಮನಿಸಿ, ಒಂಬತ್ತನೇ ತರಗತಿಯಿಂದಲಾದರೂ ಮಕ್ಕಳಿಗೆ ಈ ಕಾನೂನು ತಿಳಿಸಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತು. 2025ರಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿವರೆಗೆ ವಾರಕ್ಕೆರಡು ಲೈಂಗಿಕ ಶಿಕ್ಷಣದ ತರಗತಿ ನಡೆಸುವುದಾಗಿ ಪ್ರಕಟಿಸಿದರು. ತರಗತಿ ನಡೆಯಲಿ. ಆದರೆ ಐವತ್ತು ಮಕ್ಕಳ ನಡುವೆ ಎದ್ದು ನಿಂತು ಕೇಳುವ ಎದೆಗಾರಿಕೆ ಯಾರಿಗಿದೆ?

ಧ್ವನಿ ಮಾಧ್ಯಮದ ಮಾತು ಬರುವುದು ಇಲ್ಲಿ. ಅನುಪಮಾ ನಿರಂಜನ ಅವರಂಥ ವೈದ್ಯೆ ‘ಕೇಳು ಕಿಶೋರಿ’ ಬರೆದು ದಶಕಗಳಾದವು. ಓದಲು ಬರುವ, ಪುಸ್ತಕ ಸಿಗುವ, ಅದನ್ನು ಮನೆಯಲ್ಲಿ ಬಚ್ಚಿಡಲು ಜಾಗವಿರುವ ಹುಡುಗಿಗೆ ಅದು ದಾರಿಯಾಯಿತು. ಮಸ್ಕಿಯ ಆಚೆಯ, ಲಿಂಗಸುಗೂರಿನ ಒಣ ಬೇಸಾಯದ ಹಳ್ಳಿಗಳಿಂದ ಅಪ್ಪ ಅವ್ವನ ಜತೆ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಮಲಗುವ ಹುಡುಗಿಗೆ ಪುಸ್ತಕವೂ ಇಲ್ಲ, ಶಾಲೆಯ ತರಗತಿಯೂ ಇಲ್ಲ. ದನಿಗೆ ಅಕ್ಷರ ಬೇಕಿಲ್ಲ. ರೊಟ್ಟಿ ಬಡಿಯುತ್ತ, ಕಳೆ ತೆಗೆಯುತ್ತ ಕೇಳಬಹುದು. ಚಿತ್ರ ತೋರಿಸದೆ ಹೇಳುವುದರಿಂದ ಹೇಳುವವರಿಗೂ ಕೇಳುವವರಿಗೂ ಮುಜುಗರ ಅರ್ಧ ಕಡಿಮೆ. ಮುಖ್ಯವಾಗಿ, ಹೇಳುವವರ ಮುಖ ಇಲ್ಲಿ ಕಾಣುವುದಿಲ್ಲ. ಕೇಳುವವರ ಮುಖವೂ ಅವರಿಗೆ ಕಾಣುವುದಿಲ್ಲ.

ಕಿವಿಯಿಂದ ಕಲಿಯುವುದು ರಾಯಚೂರಿನ ಮಕ್ಕಳಿಗೆ ಹೊಸದೂ ಅಲ್ಲ. ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಆಕಾಶವಾಣಿಯೊಂದಿಗೆ ಸೇರಿ ನಡೆಸಿದ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’ ಬಾನುಲಿ ಪಾಠಗಳನ್ನು ಈಗಿನ ಎಷ್ಟೋ ತರುಣರು ಪ್ರಾಥಮಿಕ ಶಾಲೆಯಲ್ಲಿ ಕೇಳಿದ್ದಾರೆ. ರೇಡಿಯೊದಲ್ಲಿನ ಅಕ್ಕ ಪ್ರಶ್ನೆ ಕೇಳುತ್ತಿದ್ದಳು, ಉತ್ತರಕ್ಕೆ ಸ್ವಲ್ಪ ಹೊತ್ತು ಬಿಡುತ್ತಿದ್ದಳು, ತರಗತಿಯೆಲ್ಲ ಒಟ್ಟಾಗಿ ಕೂಗುತ್ತಿತ್ತು, ‘ಭಲೇ’ ಅನ್ನುತ್ತಿದ್ದಳು. ಲೆಕ್ಕ, ಪರಿಸರ, ಇಂಗ್ಲಿಷ್ ಎಲ್ಲವನ್ನೂ ಹಾಡಿ ಕುಣಿಸಿದ ಆ ಬಾನುಲಿ, ಮಕ್ಕಳು ಹೈಸ್ಕೂಲು ಸೇರಿ ಮೀಸೆ ಚಿಗುರುವ ಹೊತ್ತಿಗೆ ಮಾತು ನಿಲ್ಲಿಸಿತು.

ಹಾಗಂತ ರೇಡಿಯೊ ಹಚ್ಚಿಬಿಟ್ಟರೆ ಊರು ತಿದ್ದಿಕೊಳ್ಳುತ್ತದೆ ಅಂದುಕೊಳ್ಳಬೇಕಿಲ್ಲ. 1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ನೆರವಿನಿಂದ ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ‘ರೇಡಿಯೊ ರೈತ ಕೂಟ’ಗಳ ಪ್ರಯೋಗ ಮಾಡಿತು. ಕೊಲ್ಹಾಪುರವೂ ಅದರಲ್ಲೊಂದು. ಸುಮಾರು 150 ಹಳ್ಳಿಗಳಲ್ಲಿ ಹತ್ತು ವಾರ, ಇಪ್ಪತ್ತು ಕಾರ್ಯಕ್ರಮ. ಕೇಳಿದ ಮೇಲೆ ಗುಂಪಿನಲ್ಲಿ ಚರ್ಚೆ, ಆಮೇಲೆ ಪ್ರಶ್ನೆಗಳನ್ನು ಆಕಾಶವಾಣಿಗೆ ಬರೆದು ಕಳಿಸುವುದು. ಇದನ್ನು ಅಳೆದ ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಕಂಡದ್ದು ಸ್ವಾರಸ್ಯಕರ: ಕೂಟ ಕಟ್ಟಿ ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಚೆನ್ನಾಗಿ ಹೆಚ್ಚಿತ್ತು, ರೇಡಿಯೊ ಮಾತ್ರ ಇದ್ದು ಕೂಟ ಇಲ್ಲದ ಹಳ್ಳಿಗಳಲ್ಲಿ ಹೆಚ್ಚಳ ಅತ್ಯಲ್ಪ. ಗೊಬ್ಬರ, ಕುರಿ, ಬಾವಿಯ ವಿಷಯದಲ್ಲೇ ಹೀಗಾದರೆ, ನಾಲಿಗೆಯ ತುದಿಗೆ ಬಂದು ನಿಲ್ಲುವ ಈ ವಿಷಯದಲ್ಲಿ ಬರೀ ಪ್ರಸಾರದಿಂದ ಏನಾದೀತು? ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇದು. ಯುವಜನರಿಗೆ ದನಿ ತಲುಪಿಸುವುದು ಕೆಲಸದ ಅರ್ಧ, ಅದೂ ಸುಲಭದ ಅರ್ಧ. ಅವರ ಪ್ರಶ್ನೆ ದನಿಯ ಬಳಿಗೆ ಬರುವಂತೆ ಮಾಡುವುದು ಇನ್ನರ್ಧ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರ ಬಂದ ಪ್ರಯತ್ನ ನಡೆದದ್ದು ನಮ್ಮಿಂದ ಬಹುದೂರ, ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತ್ತು. ಅದರ ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಸಮುದಾಯ ಬಾನುಲಿ ಬೆಂಬಲಿಗರು ಹಳ್ಳಿಯವರಿಗೂ ರೇಡಿಯೊ ಕೊಡಿ ಎಂದು ಘೋಷಣೆ ಹೊರಡಿಸಿದರು. ಸರಕಾರ ಕೊಡಲಿಲ್ಲ. 2001ರಲ್ಲಿ ಬೆಂಗಳೂರಿನ ‘ವಾಯ್ಸಸ್’, ‘ಮೈರಾಡ’ ಸಂಸ್ಥೆಗಳು ಯುನೆಸ್ಕೊ ಬೆಂಬಲದಿಂದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುಮಾಡಿದಾಗ ಅವರ ಬಳಿ ಸ್ಟುಡಿಯೊ ಇತ್ತು, ಲೈಸೆನ್ಸ್ ಇರಲಿಲ್ಲ. ಹಾಗಾಗಿ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಸ್ವಸಹಾಯ ಸಂಘದ ಸಭೆಗೆ ಒಯ್ದು ಟೇಪ್ ರೆಕಾರ್ಡರಿನಲ್ಲಿ ಕೇಳಿಸಿದರು. ಸಂಘದ ಹೆಂಗಸರು ವಾರದ ಉಳಿತಾಯದ ದುಡ್ಡು ಎಣಿಸಿಟ್ಟು ಸುತ್ತ ಕೂತರು. 2003ರ ಹೊತ್ತಿಗೆ ಟಿವಿಯ ಕೇಬಲ್ ತಂತಿಯಲ್ಲೇ ದನಿಯನ್ನು ಮನೆಗಳಿಗೆ ಹರಿಸಿದರು. ಗಾಳಿಗೆ ಬಿಡುವಂತಿಲ್ಲ ಅಂದರೆ ತಂತಿಯಲ್ಲಿ ಬಿಡುತ್ತೇವೆ ಎಂಬ ಹಳ್ಳಿ ಜಾಣತನ.

ಮಾತಾಡಿದವರು ಊರಿನ ಹೆಂಗಸರು, ಊರಿನ ಹುಡುಗ ಹುಡುಗಿಯರು. ಬೇಸಾಯ, ಆರೋಗ್ಯ, ಅಡುಗೆ, ಸಾಲದ ಕಂತು ಎಲ್ಲವೂ ಅವರ ಮಾತಿನಲ್ಲಿ ಬಂದವು. ಇದು ಲೈಂಗಿಕ ಆರೋಗ್ಯಕ್ಕೆಂದೇ ಹುಟ್ಟಿದ ಬಾನುಲಿ ಅಲ್ಲ. ಆದರೂ ಬೂದಿಕೋಟೆಯನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣವಿದೆ. ಅಲ್ಲಿ ಕೇಳುಗರ ಗುಂಪು ಮೊದಲು, ಯಂತ್ರ ಆಮೇಲೆ ಬಂತು. ಸಂಘ ಎಂಬ ನಂಬಿಕೆಯ ಜಾಗ ಮೊದಲೇ ಇದ್ದದ್ದರಿಂದ ಕ್ಯಾಸೆಟ್ ಮುಗಿದ ಮೇಲೆ ಮಾತು ಮುಗಿಯಲಿಲ್ಲ. 2006ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಕೊಡಲು ಒಪ್ಪಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಎಚ್.ಡಿ. ಕೋಟೆಯ ಕಡೆ ಸರಗೂರಿನ ‘ಜನಧ್ವನಿ’, ಬೆಂಗಳೂರಿನ ‘ರೇಡಿಯೊ ಆಕ್ಟಿವ್’ ಒಂದೊಂದಾಗಿ ಬಂದವು. ಬೀದರಿನ ಗಡಿಯಾಚೆ ಜಹೀರಾಬಾದಿನ ಬಳಿ ಮಾಚನೂರಿನಲ್ಲಿ 2008ರಿಂದ ದಲಿತ ಹೆಂಗಸರೇ ‘ಸಂಘಂ ರೇಡಿಯೊ’ ನಡೆಸುತ್ತಿದ್ದಾರೆ.

ರೇಡಿಯೊ ಆಕ್ಟಿವ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಪ್ರಿಯಾಂಕಾ ನಿರೂಪಕಿಯಾದದ್ದು ದೇಶದಲ್ಲೇ ಸುದ್ದಿಯಾಯಿತು. ನಮ್ಮ ಕಡೆಯ ಓದುಗರಿಗೆ ಇದು ದೂರದ ಮಾತಲ್ಲ. ತಾನು ಹುಡುಗಿ ಅನ್ನಿಸುವ ಹುಡುಗನಿಗೆ ಈ ಭಾಗದ ಹಳ್ಳಿಗಳಲ್ಲಿ ತೆರೆದಿರುವ ಬಾಗಿಲು ಬಹುಮಟ್ಟಿಗೆ ಒಂದೇ, ಎಲ್ಲಮ್ಮನ ಜೋಗಪ್ಪನಾಗುವುದು. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಆ ಬಾಗಿಲಿನಿಂದಲೇ ಹೋಗಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲರೂ ಮಂಜಮ್ಮ ಆಗಲಾರರು. ‘ನಿನಗೇನೂ ರೋಗ ಬಂದಿಲ್ಲ, ದೇವರು ಹಿಡಿದಿಲ್ಲ’ ಎಂದು ತನ್ನಂಥವರೇ ಒಬ್ಬರು ಕಿವಿಯಲ್ಲಿ ಹೇಳಿದರೆ ಆ ಹುಡುಗ ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗುತ್ತಾನೆ.

ದನಿ ಹೇಗೆ ನಾಚಿಕೆ ಬಿಡಿಸುತ್ತದೆ ಅನ್ನುವುದಕ್ಕೆ 2008ರ ಒಂದು ರಿಂಗ್‌ಟೋನ್ ಸಾಕ್ಷಿ. ಆಗ ಎಚ್‌ಐವಿ ಹೆಚ್ಚಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದರಲ್ಲೂ ಉತ್ತರದ ಜಿಲ್ಲೆಗಳ ಚಿಂತೆ ದೊಡ್ಡದಿತ್ತು. ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್, ಗೇಟ್ಸ್ ಪ್ರತಿಷ್ಠಾನದ ಹಣದಿಂದ ಕರ್ನಾಟಕ, ತಮಿಳುನಾಡು, ಆಂಧ್ರ, ಮಹಾರಾಷ್ಟ್ರಗಳಲ್ಲಿ ಪ್ರಚಾರ ನಡೆಸಿತು. ವಾದ್ಯವಿಲ್ಲದೆ ಬರೀ ಗಂಟಲುಗಳು ‘ಕಾಂಡೋಮ್ ಕಾಂಡೋಮ್’ ಎಂದು ಸ್ವರಸ್ವರವಾಗಿ ಹಾಡುವ ರಿಂಗ್‌ಟೋನ್ ಅದು. ಜಾಹೀರಾತಿನಲ್ಲಿ ಮದುವೆಯ ಮನೆಯೊಂದರಲ್ಲಿ ಆ ಫೋನ್ ಬಡಿದುಕೊಳ್ಳುತ್ತದೆ, ಮಾಲೀಕ ತಡಕಾಡುತ್ತಾನೆ, ಎಲ್ಲರೂ ಅವನತ್ತ ತಿರುಗುತ್ತಾರೆ. ಮತ್ತೊಂದರಲ್ಲಿ ಕಬಡ್ಡಿ ಆಟಗಾರ ‘ಕಬಡ್ಡಿ ಕಬಡ್ಡಿ’ ಬದಲು ಅದೇ ಪದದಲ್ಲಿ ಉಸಿರು ಕಟ್ಟುತ್ತಾನೆ. ಮೆಡಿಕಲ್ ಶಾಪಿನಲ್ಲಿ ಪಿಸುಗುಟ್ಟಿ ಕೇಳುತ್ತಿದ್ದ, ಅಂಗಡಿಯವನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ ವಸ್ತುವಿನ ಹೆಸರನ್ನು ನೂರು ಸಲ ಕೇಳಿಸಿ ಮಾಮೂಲಿ ಮಾಡುವುದೇ ಅದರ ಯುಕ್ತಿ. ನನಗೆ ಅದು ಇಷ್ಟವಾದ ಪ್ರಚಾರ. ಆದರೆ ರಿಂಗ್‌ಟೋನ್ ಒಂದು ಮಾತನ್ನಷ್ಟೇ ಆಡುತ್ತದೆ, ಮರುಮಾತು ಕೇಳಿಸಿಕೊಳ್ಳುವುದಿಲ್ಲ.

ಮರುಮಾತು ಕೇಳಿಸಿಕೊಂಡವರೂ ಇದ್ದಾರೆ. ದೆಹಲಿಯಲ್ಲಿ ರಾಧಿಕಾ ಚಂದಿರಮಣಿ 1996ರಲ್ಲಿ ಕಟ್ಟಿದ ‘ತರ್ಶಿ’ ಸಂಸ್ಥೆ ಲೈಂಗಿಕತೆಯ ಬಗ್ಗೆ ಹೆಸರು ಕೇಳದೆ ಮಾತಾಡುವ ದೂರವಾಣಿ ಸಹಾಯವಾಣಿಯನ್ನು ಹದಿಮೂರು ವರ್ಷ ನಡೆಸಿತು. ಅದರ ಅನುಭವವನ್ನು ಬಳಸಿಕೊಂಡು ಕ್ರಿಯಾ, ಗ್ರಾಮವಾಣಿ ಹಾಗೂ ನಮ್ಮ ಬೆಂಗಳೂರಿನ ‘ಮರಾ’ ಸಂಸ್ಥೆಗಳು ಸೇರಿ ಹಿಂದಿಯಲ್ಲಿ ‘ಕಹಿ ಅನ್‌ಕಹಿ ಬಾತೇಂ’ ಎಂಬ ಧ್ವನಿಮಾಹಿತಿ ಸೇವೆ ಮಾಡಿದವು. ಅದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ, ಕೀಪ್ಯಾಡ್ ಫೋನ್ ಸಾಕು. ಕಥೆ ಕೇಳಬಹುದು, ಮಾಹಿತಿ ಕೇಳಬಹುದು, ತನ್ನ ಪ್ರಶ್ನೆಯನ್ನು ದನಿಯಲ್ಲೇ ಬಿಟ್ಟು ಉತ್ತರ ಪಡೆಯಬಹುದು. ನೇಪಾಳದಲ್ಲಿ 2001ರಿಂದ ಯುನಿಸೆಫ್ ನೆರವಿನಿಂದ ಬಂದ ‘ಸಾಥೀ ಸಂಗ ಮನ್ಕಾ ಕುರಾ’ ಎಂಬ ರೇಡಿಯೊ ಕಾರ್ಯಕ್ರಮ ಇಡೀ ನಿಂತಿದ್ದೇ ಹದಿಹರೆಯದವರು ಬರೆದ ಪತ್ರಗಳ ಮೇಲೆ. ಕನ್ನಡದಲ್ಲಿ ಇಂಥದ್ದಕ್ಕೆ ಬೇಕಾದ ವೈದ್ಯರು, ತಂತ್ರಜ್ಞರು, ದನಿ ಕೊಡುವವರು ಎಲ್ಲ ಇದ್ದಾರೆ. ನಾವು ಹಿಂದಿಯವರಿಗೆ ಮಾಡಿಕೊಟ್ಟು ಕೂತಿದ್ದೇವೆ ಅನ್ನುವುದು ಸ್ವಲ್ಪ ಹೊಟ್ಟೆ ಉರಿಸುವ ಸಂಗತಿ.

ಕಥೆಯ ಬಲವನ್ನೂ ಮರೆಯುವಂತಿಲ್ಲ. ಟಾಂಜಾನಿಯಾ ರೇಡಿಯೊ 1993ರಲ್ಲಿ ‘ಟ್ವೆಂಡೆ ನಾ ವಕಾತಿ’ ಧಾರಾವಾಹಿ ಶುರುಮಾಡಿದಾಗ ಡೊಡೊಮಾ ಪ್ರದೇಶಕ್ಕೆ ಎರಡು ವರ್ಷ ಅದನ್ನು ಕೇಳಿಸಲೇ ಇಲ್ಲ, ಹೋಲಿಸಿ ನೋಡಲೆಂದು. ಕೇಳಿದ ಕಡೆ ಕುಟುಂಬ ಯೋಜನೆ ಅನುಸರಿಸುವವರು ಹೆಚ್ಚಾದರು, ಹಲವರ ಜತೆ ಸಂಬಂಧ ಇಟ್ಟುಕೊಳ್ಳುವುದನ್ನು ಕಡಿಮೆ ಮಾಡಿದರು. ಅದರಲ್ಲಿ ಊರೂರು ಸುತ್ತುವ ಲಾರಿ ಡ್ರೈವರ್ ಒಬ್ಬನಿದ್ದ, ಊರಲ್ಲಿ ಕಾದಿರುವ ಹೆಂಡತಿ ಇದ್ದಳು. ಕೇಳುಗರಿಗೆ ಅವನು ಪಕ್ಕದ ಮನೆಯವನೇ ಅನ್ನಿಸಿದ. ರಾತ್ರಿಯಿಡೀ ಬಯಲಾಟಕ್ಕೆ ನಿದ್ದೆಗೆಟ್ಟು ಕೂರುವ ಜನ ನಾವು. ಭತ್ತದ ಲಾರಿ, ಗುಳೆ, ಹದಿನೇಳಕ್ಕೇ ಗೊತ್ತಾದ ಮದುವೆ, ಇನ್‌ಸ್ಟಾಗ್ರಾಮಿನ ಗೆಳೆಯ: ಇಲ್ಲಿನ ಧಾರಾವಾಹಿಗೆ ಪಾತ್ರಗಳನ್ನು ಹುಡುಕಿ ದೂರ ಹೋಗಬೇಕಿಲ್ಲ.

ಮದುವೆಯ ಮಾತು ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಡುವೆ ರಾಜ್ಯ ಕಾನೂನಿಗೆ ತಿದ್ದುಪಡಿ ತಂದು ಇಂಥ ಮದುವೆ ಮೂಲದಲ್ಲೇ ಅಸಿಂಧು ಎಂದಿತು. ಈ ಸಂಖ್ಯೆ ಹೇಳುವುದು ಸರಳವಾದದ್ದು: ಲೈಂಗಿಕ ಶಿಕ್ಷಣ ಮದುವೆಯಾದ ಮೇಲೆ ಸಾಕು ಅನ್ನುವವರ ಲೆಕ್ಕದಲ್ಲೇ ನೋಡಿದರೂ, ಪಾಠ ಹದಿನೆಂಟಕ್ಕೆ ಮೊದಲೇ ಆಗಿರಬೇಕು.

ಈಗ ತುರ್ವಿಹಾಳಕ್ಕೆ ಬರೋಣ. ಇಲ್ಲಿ ಶುರು ಮಾಡುವುದಾದರೆ ಸ್ಟುಡಿಯೊದಿಂದ ಬೇಡ, ಡಬ್ಬಿಯಿಂದ ಮಾಡಬೇಕು. ಹೈಸ್ಕೂಲು, ಪಿಯು ಕಾಲೇಜು, ಹಾಸ್ಟೆಲ್‌ಗಳಲ್ಲಿ ಬೀಗ ಹಾಕಿದ ಒಂದೊಂದು ಪ್ರಶ್ನೆಡಬ್ಬಿ. ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ. ಆಗ ಬರೆದವರು ಯಾರೆಂದು ತಿಳಿಯುವುದಿಲ್ಲ. ಬರುವ ಪ್ರಶ್ನೆಗಳ ಧಾಟಿಯನ್ನು ಈ ಕೆಲಸದಲ್ಲಿ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ‘ಮುಟ್ಟಾದಾಗ ಮೆಣಸಿನಕಾಯಿ ಹೊಲಕ್ಕ ಹೋದ್ರ ಗಿಡ ಒಣಗ್ತಾವೇನ್ರಿ?’ ‘ಬಿಳಿ ಹೋದ್ರ ಎಲುಬು ಕರಗತಾವಂತ, ಖರೇನ?’ ‘ರಾತ್ರಿ ಚಡ್ಡಿ ಒದ್ದಿ ಆಗತೈತಿ, ಏನಾರ ಔಷಧ ಐತೇನ್ರಿ?’ ‘ಮುತ್ತು ಕೊಟ್ರ ಬಸುರಾಗತಾರ?’ ಮತ್ತು ಕೆಲವೊಮ್ಮೆ, ಕೈ ನಡುಗುವಂಥದ್ದು: ‘ನಮ್ಮ ಮನಿಗೆ ಬರೋ ಒಬ್ರು ಹಿಂಗಿಂಗ ಮಾಡ್ತಾರ, ಯಾರಿಗೆ ಹೇಳ್ಲಿ?’

ಮೊದಲ ನಾಲ್ಕಕ್ಕೆ ಉತ್ತರವನ್ನು ಊರಿನ ಆರೋಗ್ಯ ಸಹಾಯಕಿ, ಒಬ್ಬ ವೈದ್ಯರು, ಒಬ್ಬ ನಾಟಕದ ಹುಡುಗ ಸೇರಿ ಇಲ್ಲಿನ ಮಾತಿನಲ್ಲೇ ರೆಕಾರ್ಡ್ ಮಾಡಬಹುದು. ಮೂರು ನಿಮಿಷ ಮೀರಬಾರದು. ಹುಡುಗರ ಪ್ರಶ್ನೆಗೆ ಗಂಡಿನ ದನಿಯೇ ಇರಲಿ, ಅದು ಬೆಂಗಳೂರಿನ ಪುಸ್ತಕದ ಕನ್ನಡವಾಗದಿರಲಿ. ಪೆನ್‌ಡ್ರೈವಿಗೆ ತುಂಬಿದರೆ ಶಾಲೆಯ ಸ್ಪೀಕರ್, ಹಾಸ್ಟೆಲ್ಲಿನ ಸಂಜೆ, ಕಿಶೋರಿಯರ ಸಭೆ ಎಲ್ಲಕ್ಕೂ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಿಟ್ಟರೆ ಗುಳೆ ಹೋದವರನ್ನೂ ಮುಟ್ಟುತ್ತದೆ. ಕೇಳಿಸಿದ ಮೇಲೆ ಹತ್ತು ನಿಮಿಷ ಮಾತು, ಮತ್ತೆ ಡಬ್ಬಿಗೆ ಚೀಟಿ. ಕೊನೆಯ ಪ್ರಶ್ನೆಗೆ ಮಾತ್ರ ರೆಕಾರ್ಡಿಂಗ್ ಉತ್ತರವಲ್ಲ. ಚೀಟಿ ಸಿಕ್ಕ ದಿನವೇ ಯಾರು ಏನು ಮಾಡಬೇಕು ಎಂಬುದನ್ನು ಡಬ್ಬಿ ಇಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪ್ರತಿ ಕಂತಿನ ಕೊನೆಯಲ್ಲಿ ಮಕ್ಕಳ ಸಹಾಯವಾಣಿ 1098 ಬರಲೇಬೇಕು. ಎಚ್‌ಐವಿ ವಿಷಯಕ್ಕೆ 1097 ಇದೆ, ಸಾಮಾನ್ಯ ಆರೋಗ್ಯ ಸಲಹೆಗೆ 104.

ದನಿ ಕೇಳಿ ಆಸ್ಪತ್ರೆಗೆ ಹೊರಟವರು ಅಲ್ಲಿ ಬೈಗುಳ ತಿಂದು ಬಂದರೆ ಎಲ್ಲ ಮಣ್ಣುಪಾಲು. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ಹದಿಹರೆಯದವರಿಗೆಂದು ನಮ್ಮ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳು ಇವೆ. ಹೆಸರು ಚೆನ್ನಾಗಿದೆ. ಆದರೆ ಔಷಧ ಚೀಟಿ ಮಾಡಿಸುವ ಸಾಲಿನಲ್ಲಿ ಪಕ್ಕದ ಮನೆಯ ದೊಡ್ಡಮ್ಮ ನಿಂತಿದ್ದರೆ ಹದಿನಾರರ ಹುಡುಗಿ ಕೆಮ್ಮು ನೆಗಡಿ ಎಂದು ಸುಳ್ಳು ಹೇಳಿ ವಾಪಸ್ ಬರುತ್ತಾಳೆ. ಯಾವ ವಾರ, ಎಷ್ಟು ಗಂಟೆಗೆ, ಯಾವ ಕೋಣೆಗೆ ಹೋಗಬೇಕು, ಒಳಗೆ ಕೂತಿರುವವರು ಯಾರು ಎಂದು ಆ ಒಳಗೆ ಕೂತವರೇ ತಮ್ಮ ದನಿಯಲ್ಲಿ ಹೇಳಿದರೆ, ಬಾಗಿಲು ತಳ್ಳುವ ಕೈಗೆ ಸ್ವಲ್ಪ ಬಲ ಬರುತ್ತದೆ. ಪರಿಚಿತ ದನಿಯ ಮನುಷ್ಯ ಅರ್ಧ ಪರಿಚಿತ.

ಕಾನೂನಿನ ತೊಡಕೂ ಇದೆ, ಅದನ್ನು ಮುಚ್ಚಿಟ್ಟು ಕಾರ್ಯಕ್ರಮ ಮಾಡಿದರೆ ಮಕ್ಕಳಿಗೇ ಮೋಸ. 2012ರ ಪೋಕ್ಸೊ ಪ್ರಕಾರ ಹದಿನೆಂಟರೊಳಗಿನವರ ಲೈಂಗಿಕ ಸಂಬಂಧ, ಇಬ್ಬರ ಇಷ್ಟದ್ದೇ ಆಗಿದ್ದರೂ, ಅಪರಾಧ. ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಬಸಿರಾದ ಹುಡುಗಿಯ ಮನೆಯವರು ಸರಕಾರಿ ಆಸ್ಪತ್ರೆಯ ದಾರಿ ಬಿಟ್ಟು ಯಾರ್ಯಾರ ಕೈಗೋ ಒಪ್ಪಿಸುತ್ತಾರೆ. ಗರ್ಭಪಾತದ ಕಾನೂನು 2021ರಲ್ಲಿ ತಿದ್ದುಪಡಿಯಾಗಿ ಅಪ್ರಾಪ್ತೆಯರಿಗೆ 24 ವಾರದವರೆಗೆ ಅವಕಾಶವಿದೆ. ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಹುಡುಗಿಯ ಗುರುತು ಬಯಲು ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಒಂದು ಜೀವ ಉಳಿಸಬಲ್ಲ ಈ ಎರಡು ಮಾತು ಎಷ್ಟು ತಾಯಂದಿರ ಕಿವಿಗೆ ಬಿದ್ದಿವೆ?

ಇನ್ನು ಫೋನು ಯಾರದು ಎಂಬ ಪ್ರಶ್ನೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇರುವವರು ಸುಮಾರು ಶೇ 54. ಹಳ್ಳಿಯ ಹುಡುಗಿಯರಿಗೆ ಸಿಗುವುದು ಅಣ್ಣನ ಫೋನು, ಅದೂ ಅವನು ಊಟಕ್ಕೆ ಕೂತ ಹೊತ್ತು. ಕರೆ ಮಾಡಿದ ನಂಬರ್ ಅದರಲ್ಲಿ ಉಳಿಯುತ್ತದೆ, ಇಯರ್‌ಫೋನ್ ಹಾಕಿಕೊಂಡರೆ ‘ಯಾರ ಕೂಡ ಮಾತಾಡಾಕತ್ತಿ’ ಎಂಬ ವಿಚಾರಣೆ. ಹೀಗಾಗಿ ಆ್ಯಪ್ ಮಾಡಿದೆವು, ಪಾಡ್‌ಕಾಸ್ಟ್ ಮಾಡಿದೆವು ಎಂದು ಬೆಂಗಳೂರಿನಲ್ಲಿ ಬಿಡುಗಡೆ ಸಮಾರಂಭ ಮಾಡುವವರು ಮೊದಲು ಇಂಥ ಮನೆಯ ಪಡಸಾಲೆಯಲ್ಲಿ ಒಂದು ಸಂಜೆ ಕೂರಬೇಕು. ಹುಡುಗಿಯರಿಗೆ ಗುಂಪಿನಲ್ಲಿ ಕೇಳುವುದೇ ಸುರಕ್ಷಿತ. ಹುಡುಗರಿಗೆ ತದ್ವಿರುದ್ಧ, ಅವರು ಗುಂಪಿನಲ್ಲಿ ನಗುತ್ತಾರೆ, ಒಬ್ಬರೇ ಇದ್ದಾಗ ಕೇಳುತ್ತಾರೆ. ಒಂದೇ ರೆಕಾರ್ಡಿಂಗ್, ಎರಡು ದಾರಿ.

ಅಪ್ಪ ಅವ್ವಂದಿರು ಗಲಾಟೆ ಮಾಡುವುದಿಲ್ಲವೇ? ಕೆಲವರು ಮಾಡುತ್ತಾರೆ. ಮೊದಲ ಕಂತನ್ನು ಅವರಿಗೇ ಕೇಳಿಸುವುದು ಒಳ್ಳೆಯದು, ಸಂಘದ ಸಭೆಯಲ್ಲಿ, ಶಾಲೆಯ ಎಸ್‌ಡಿಎಂಸಿ ಎದುರು. ತಾಯಂದಿರು ‘ನಮಗ ಇದನ್ನ ಆವಾಗ ಯಾರೂ ಹೇಳ್ಲಿಲ್ಲ ನೋಡ್ರಿ’ ಅನ್ನುವುದನ್ನು ಇಂಥ ಸಭೆಗಳಲ್ಲಿ ಕೇಳದವರಿಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಶಾಸನದಲ್ಲೂ ಸಣ್ಣವರು ದೊಡ್ಡವರು ಇಬ್ಬರಿಗೂ ಹೇಳಬೇಕೆಂಬ ಮಾತಿದೆ. ಅದು ಧರ್ಮದ ವಿಷಯ, ನಿಜ. ಆದರೂ ಜನರಿಗೆ ಏನಾದರೂ ತಿಳಿಸಬೇಕಾದರೆ ಇಬ್ಬರನ್ನೂ ಕೂರಿಸಿಕೊಂಡು ತಿಳಿಸು ಅನ್ನುವುದು ಆಡಳಿತದ ಒಳ್ಳೆಯ ಬುದ್ಧಿ.

ಮುಂದೆ ಯಾರಾದರೂ ಇದನ್ನು ಸ್ವಂತ ಬಾನುಲಿಯಾಗಿ ಬೆಳೆಸಬಯಸಿದರೆ ನಿಯಮದ ಅಡ್ಡಿಯಿಲ್ಲ. ಮೂರು ವರ್ಷ ಹಳೆಯದಾದ ನೋಂದಾಯಿತ ಸಂಸ್ಥೆ, ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಯಾವುದಾದರೂ ಅರ್ಜಿ ಹಾಕಬಹುದು. ಸಮುದಾಯ ರೇಡಿಯೊದ ನೂರು ವಾಟ್ ದನಿ ಹತ್ತು ಹದಿನೈದು ಕಿಲೊಮೀಟರ್ ಹೋಗುತ್ತದೆ. ಎಡದಂಡೆಯ ಈ ತಗ್ಗು ಬಯಲಲ್ಲಿ ಅಡ್ಡ ನಿಲ್ಲುವ ಗುಡ್ಡಗಳೂ ಕಡಿಮೆ. ಅಲ್ಲಿಯವರೆಗೆ ಪೆನ್‌ಡ್ರೈವ್ ಸಾಕು. ಹಾಡು ಹಚ್ಚುವ ಟ್ರ್ಯಾಕ್ಟರ್ ಹುಡುಗರಲ್ಲೇ ನಾಲ್ಕು ಮಂದಿ ಚೆಂದ ಹಾಡುವವರಿದ್ದಾರೆ, ರೆಕಾರ್ಡಿಂಗ್ ಮಾಡುವ ಕೈಚಳಕವೂ ಅವರಿಗೆ ಗೊತ್ತು. ಬರೆದುಕೊಡುವವರು ಬೇಕು, ಬರೆದದ್ದನ್ನು ತಪ್ಪಿಲ್ಲದಂತೆ ನೋಡಿಕೊಡುವ ಡಾಕ್ಟರು ಬೇಕು. ಮೊದಲ ಕಂತು ಬಸ್ ನಿಲ್ದಾಣದ ಹಿಂದಿನ ಆ ಗೋಡೆಬರಹದ ಮೇಲೇ ಆಗಲಿ. ಲಾಡ್ಜಿನ ವೈದ್ಯರು ಮುಂದಿನ ತಿಂಗಳ ತಾರೀಖು ಬರೆಸುವ ಮೊದಲು.